ಈರುಳ್ಳಿ ಕಿತ್ತ ಮೇಲೆ

ಆ ಸಂದೇಶ ಬಂದಾಗ ಮಾಲಿನಿ ಕಡೂರಿನ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಭಾಷಣ ಬಾಯಿಪಾಠ ಮಾಡುತ್ತಿದ್ದಳು. ಶುಕ್ರವಾರ ತರೀಕೆರೆಯಲ್ಲಿ ಸ್ಪರ್ಧೆಯ ಕೊನೆಯ ಸುತ್ತು. ಸಮಾಜದ ಒಂದು ಸಮಸ್ಯೆಯನ್ನು ಹಿಡಿದು ಅದಕ್ಕೆ ಸಾಫ್ಟ್‌ವೇರಿನಲ್ಲಿ ಪರಿಹಾರ ಕಂಡುಹಿಡಿಯಿರಿ ಎಂದು ಸುತ್ತಲಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಟ್ಟಿದ್ದ ಸ್ಪರ್ಧೆ ಅದು. ಒಂದು ತಂಡ ಕೆಮ್ಮಣ್ಣುಗುಂಡಿಗೆ ಬರುವ ಪ್ರವಾಸಿಗರು ಎಸೆದು ಹೋಗುವ ಕಸದ ಜಾಡು ಹಿಡಿಯಲು ಆ್ಯಪ್ ಮಾಡಿತ್ತು. ಇನ್ನೊಂದು, ಎಮ್ಮೆದೊಡ್ಡಿ ಕಾವಲಿನಲ್ಲಿ ದಾರಿ ತಪ್ಪಿದ ದನಗಳನ್ನು ಹುಡುಕಲು. ಮಾಲಿನಿ, ವಿಜಯ್, ಅನಿತಾ ಮೂವರೂ ಸೇರಿ ಮಾಡಿದ್ದರ ಹೆಸರು ‘ಪಿಸುಮಾತು’. ಮನೆಯಲ್ಲಿ ಬಲವಂತದ ಮದುವೆ ಗೊತ್ತು ಮಾಡಿದರೆ ಶಾಲೆಯ ಹುಡುಗಿಯರು ತಮ್ಮ ಹೆಸರು ಹೇಳದೆಯೇ ತಿಳಿಸಬಹುದಾದ ಆ್ಯಪ್.

ಮಾಲಿನಿಯ ಮೊಬೈಲು ಮೇಜಿನ ಮೇಲೆ ಗುಂಯ್‌ಗುಟ್ಟಿತು. ಅವಳು ಭಾಷಣ ನಿಲ್ಲಿಸದೆಯೇ ಅದನ್ನು ಎತ್ತಿಕೊಂಡು ನೋಡಿದಳು. ಹಿಂದಿನ ವಾರವಷ್ಟೇ ಅವರು ಕಡೂರು, ತರೀಕೆರೆ, ಅಜ್ಜಂಪುರದ ತಲಾ ಒಂದು ಪ್ರೌಢಶಾಲೆಗೆ ಹೋಗಿ ಆ್ಯಪನ್ನು ಪರೀಕ್ಷೆಗೆ ಬಿಟ್ಟು ಬಂದಿದ್ದರು. ಆಮೇಲಿಂದ ಬರುತ್ತಿದ್ದುದೆಲ್ಲ ತಮಾಷೆಯೇ. ಹಾಯ್, ಊಟ ಆಯ್ತಾ, ನಮ್ ಮೇಷ್ಟ್ರಿಗೆ ಮದ್ವೆ ಮಾಡ್ಸಿ. ಈ ಸಂದೇಶ ಹಾಗಿರಲಿಲ್ಲ.

‘ಈರುಳ್ಳಿ ಕಿತ್ತ ಮೇಲೆ ಮದುವೆ ಅಂತೆ. ನಂಗೆ ಬ್ಯಾಡ. ಯಾರಾದ್ರೂ ಬನ್ನಿ.’

ಮಾಲಿನಿ ಭಾಷಣ ನಿಲ್ಲಿಸಿದಳು. ಅನಿತಾ ಬಂದು ಭುಜದ ಮೇಲಿಂದ ಬಗ್ಗಿ ಓದಿದಳು. ವಿಜಯ್ ಕುರ್ಚಿಯನ್ನು ಚಕ್ರದ ಮೇಲೆಯೇ ಜಾರಿಸಿಕೊಂಡು ಬಂದು ನೋಡಿ, ಖುಷಿಯಿಂದ ಮೇಜು ಕುಟ್ಟಿದ. ನಿಜವಾದ ಬಳಕೆದಾರಳು ಸಿಕ್ಕಳು, ತೀರ್ಪುಗಾರರಿಗೆ ಇದನ್ನೇ ತೋರಿಸಬಹುದು ಎಂದ. ಅವನು ಕೆಟ್ಟ ಹುಡುಗನಲ್ಲ. ಆರು ತಿಂಗಳು ನಿದ್ದೆಗೆಟ್ಟು ಕೋಡ್ ಬರೆದವನಿಗೆ ಮೊದಲು ಹೊಳೆಯುವುದು ಅದೇ. ಆದರೆ ಮಾಲಿನಿಯ ಮುಖ ನೋಡಿ ಅವನ ನಗುವೂ ಇಳಿಯಿತು.

“ಅವಳಿಗೆ ಏನಂತ ಉತ್ತರ ಹೋಗಿದೆ ಗೊತ್ತೇನೋ ನಿಂಗೆ?” ಎಂದಳು ಮಾಲಿನಿ.

ಅವನಿಗೆ ಗೊತ್ತಿತ್ತು. ಸಂದೇಶ ಕಳಿಸಿದ ತಕ್ಷಣ ಆ್ಯಪ್ ತಾನಾಗಿಯೇ ಒಂದು ಉತ್ತರ ತೋರಿಸುತ್ತಿತ್ತು. ನಿಮ್ಮ ಮಾತು ನಮಗೆ ತಲುಪಿದೆ, ನೀವು ಒಬ್ಬರೇ ಅಲ್ಲ, ಸಹಾಯ ಬರುತ್ತಿದೆ ಎಂದು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಆ ಸಾಲುಗಳನ್ನು ಬರೆದವಳು ಮಾಲಿನಿಯೇ. ಅನಿತಾ ಅದನ್ನು ಓದಿ, ಎಷ್ಟು ಚೆನ್ನಾಗಿದೆಯೇ ಎಂದು ಮೆಚ್ಚಿಕೊಂಡಿದ್ದಳು. ಸ್ಪರ್ಧೆ ಗೆದ್ದರೆ ಯಾರಾದರೂ ದೊಡ್ಡವರು ಈ ಆ್ಯಪನ್ನು ಕೈಗೆತ್ತಿಕೊಳ್ಳುತ್ತಾರೆ, ಆಗ ಸಹಾಯಕ್ಕೆ ಹೋಗುವವರೂ ಸಿಗುತ್ತಾರೆ ಎಂದುಕೊಂಡಿದ್ದರು. ಸದ್ಯಕ್ಕೆ ಆ ಸಂದೇಶದ ಈ ತುದಿಯಲ್ಲಿ ಇದ್ದದ್ದು ಮಾಲಿನಿಯ ಮೊಬೈಲು ಮಾತ್ರ.

ಹುಡುಗಿ ಯಾರು, ಎಲ್ಲಿಯವಳು ಎಂದು ತಿಳಿಯಲು ದಾರಿಯೇ ಇರಲಿಲ್ಲ. ಹೆಸರು, ನಂಬರು, ಜಾಗ ಯಾವುದನ್ನೂ ಆ್ಯಪ್ ಇಟ್ಟುಕೊಳ್ಳುತ್ತಿರಲಿಲ್ಲ. ಹಾಗೆಯೇ ಇರಬೇಕೆಂದು ಹಟ ಹಿಡಿದವಳೂ ಮಾಲಿನಿಯೇ. ತರೀಕೆರೆಯಲ್ಲಿ ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ಮದುವೆ ಗೊತ್ತಾಗಿತ್ತು. ಆ ಹುಡುಗಿ ಧೈರ್ಯ ಮಾಡಿ ಒಬ್ಬ ಮೇಷ್ಟರಿಗೆ ಹೇಳಿದಳು. ಅವರು ಒಳ್ಳೆಯ ಮನಸ್ಸಿನಿಂದಲೇ ಅವಳ ಅಪ್ಪನನ್ನು ಕರೆದು ಬುದ್ಧಿ ಹೇಳಿದರು. ಮಾರನೆಯ ದಿನದಿಂದ ಆ ಬೆಂಚಿನಲ್ಲಿ ಮಾಲಿನಿ ಒಬ್ಬಳೇ ಕೂರಬೇಕಾಯಿತು. ಯಾವುದೋ ದೂರದ ಅತ್ತೆಯ ಊರಿನಲ್ಲಿ ಮದುವೆ ಮುಗಿಯಿತು ಎಂಬ ಸುದ್ದಿ ಆಮೇಲೆ ಬಂತು. ಹೆಸರು ಹೊರಗೆ ಬಂದದ್ದೇ ಕಂಟಕವಾಯಿತು ಎಂದು ಮಾಲಿನಿ ಅಂದಿನಿಂದ ನಂಬಿದ್ದಳು. ಮೊದಲ ಸುತ್ತಿನ ತೀರ್ಪುಗಾರರು ಹೊಗಳಿದ್ದೂ ಆ ಗುಣವನ್ನೇ.

ಮೂವರೂ ರಾಜಶೇಖರ್ ಮೇಷ್ಟರ ಹತ್ತಿರ ಹೋದರು. ತಂಡಕ್ಕೆ ಮಾರ್ಗದರ್ಶಿಯಾಗಿದ್ದ ಅವರು ಸಂದೇಶವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಮೊದಲು ಮಕ್ಕಳ ಸಹಾಯವಾಣಿಗೆ ಫೋನು ಮಾಡಿ ಎಂದರು. ಮಾಲಿನಿ ಅಲ್ಲಿಂದಲೇ ಹತ್ತು ಒಂಬತ್ತು ಎಂಟು ಒತ್ತಿದಳು. ಆ ಕಡೆಯ ಹೆಂಗಸು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು. ಹುಡುಗಿಯ ಹೆಸರೇನು ಎಂದರು. ಗೊತ್ತಿಲ್ಲ. ಊರು? ಗೊತ್ತಿಲ್ಲ. ಯಾವ ಶಾಲೆ? ಮೂರರಲ್ಲಿ ಒಂದು. ಆ ಹೆಂಗಸು, ಊರು ಒಂದು ಗೊತ್ತಾದರೂ ಸಾಕಮ್ಮ, ಯಾವ ಹೊತ್ತಿನಲ್ಲಾದರೂ ಮಾಡಿ, ನಮ್ಮವರು ಹೋಗುತ್ತಾರೆ ಎಂದರು.

ಶುಕ್ರವಾರ ಸ್ಪರ್ಧೆ ಮುಗಿದ ಮೇಲೆ ಶಾಲೆಗಳಿಗೆ ಹೋಗಿ ವಿಚಾರಿಸೋಣ ಎಂಬುದು ರಾಜಶೇಖರ್ ಅವರ ಸಲಹೆ. ಮಾಲಿನಿ ಆಗಲಿ ಎಂದು ತಲೆಯಾಡಿಸಿದಳು. ಆದರೆ ಸಂಜೆ ತರೀಕೆರೆಯ ಬಸ್ಸು ಹತ್ತಿದವಳು ಕೂತ ಸೀಟಿನಲ್ಲಿ ನೆಟ್ಟಗೆ ಕೂರಲಾರದೆ ಹೋದಳು. ಕಿಟಕಿ ತೆಗೆದಳು, ಮುಚ್ಚಿದಳು. ಬೀರೂರು ದಾಟುವಷ್ಟರಲ್ಲಿ ಮೊಬೈಲನ್ನು ಎಷ್ಟು ಸಲ ತೆರೆದು ನೋಡಿದಳೋ. ಆ ಹುಡುಗಿ ಈಗ ಏನು ಮಾಡುತ್ತಿರಬಹುದು? ಹೊರಗೆ ಮೋಟರ್‌ಬೈಕಿನ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿರಬಹುದೇ? ಮನೆಯಲ್ಲಿ ಅಮ್ಮ ಬಡಿಸಿದ ಮುದ್ದೆಯನ್ನು ಮಾಲಿನಿ ತಟ್ಟೆಯ ಈ ಬದಿಯಿಂದ ಆ ಬದಿಗೆ ಉರುಳಿಸಿದಳೇ ಹೊರತು ಬಾಯಿಗಿಡಲಿಲ್ಲ. ಸ್ಪರ್ಧೆಯ ಭಯ ಇರಬೇಕು ಎಂದುಕೊಂಡ ಅಮ್ಮ, ಗೆಲ್ಲದಿದ್ದರೆ ಏನಂತೆ, ತಿನ್ನು ಎಂದಳು.

ಬೆಳಿಗ್ಗೆ ಕಾಲೇಜಿಗೆ ಬರುತ್ತಲೇ ಮಾಲಿನಿ ವಿಜಯ್‌ನನ್ನು ಮೆಟ್ಟಿಲಲ್ಲೇ ತಡೆದು, ಸಂದೇಶದಲ್ಲಿ ಈರುಳ್ಳಿಯ ಮಾತಿದೆಯಲ್ಲ ಎಂದಳು. ಅವರು ಹೋಗಿದ್ದ ತರೀಕೆರೆಯ ಶಾಲೆಗೆ ಬರುವುದು ತೋಟದ ಕಡೆಯ ಮಕ್ಕಳು, ಅಲ್ಲಿ ಈರುಳ್ಳಿ ಬೆಳೆಯುವವರು ಕಡಿಮೆ. ಉಳಿದದ್ದು ಕಡೂರು ಮತ್ತು ಅಜ್ಜಂಪುರ. ವಿಜಯ್ ಕಡೂರು ಸೀಮೆಯವನು. ತಮ್ಮ ಕಡೆ ಈ ಸಲ ಬೇಗ ಬಿತ್ತಿ ಆಗಲೇ ಕಿತ್ತು ಮಾರಿಯೂ ಆಗಿದೆ, ಅಜ್ಜಂಪುರದ ಕಪ್ಪು ನೆಲದಲ್ಲಿ ಈಗ ಕೀಳುತ್ತಿದ್ದಾರೆ ಎಂದು ಅವನು ಹೇಳಿದ. ಹೇಳಿದ ಮೇಲೆ ಅವನಿಗೂ ಕಳವಳವಾಯಿತು. ಈಗ ಕೀಳುತ್ತಿದ್ದಾರೆ ಎಂದರೆ ಇನ್ನು ಹೆಚ್ಚು ದಿನ ಇಲ್ಲ ಎಂದೇ.

ಅಜ್ಜಂಪುರದ ಶಾಲೆಯ ಹೇಮಾವತಿ ಟೀಚರಿಗೆ ಫೋನು ಮಾಡಿದರು. ಶುಕ್ರವಾರ ಕಳೆದರೆ ಗೌರಿ ಹಬ್ಬದ ರಜೆ, ಮಕ್ಕಳು ಮತ್ತೆ ಸಿಗುವುದು ರಜೆ ಮುಗಿದ ಮೇಲೆಯೇ ಎಂದು ಅವರು ತಿಳಿಸಿದರು. ಅಂದು ಗುರುವಾರ, ಶಿಕ್ಷಕರೆಲ್ಲ ತರಬೇತಿಗೆ ಹೋಗಿದ್ದರಿಂದ ಶಾಲೆ ಇರಲಿಲ್ಲ. ಹೋಗುವುದಾದರೆ ಶುಕ್ರವಾರವೇ ಹೋಗಬೇಕು.

ತಾನು ಹೋಗುತ್ತೇನೆ ಎಂದು ಮಾಲಿನಿ ಹೇಳಿದಾಗ ಅನಿತಾಗೆ ಸಿಟ್ಟು ಬಂತು. ಭಾಷಣ ಮಾಡಬೇಕಾದವಳು ಮಾಲಿನಿ. ಅನಿತಾ ಚಿತ್ರ ಬಿಡಿಸುವವಳು, ಬಣ್ಣ ಜೋಡಿಸುವವಳು, ನಾಲ್ಕು ಜನರ ಎದುರು ನಿಂತರೆ ನಾಲಗೆ ಒಣಗುವವಳು. ಹೆಸರೇ ಗೊತ್ತಿಲ್ಲದ ಒಬ್ಬಳಿಗಾಗಿ, ಅವಳು ಅಲ್ಲೇ ಇದ್ದಾಳೆ ಎಂಬ ಖಾತ್ರಿಯೂ ಇಲ್ಲದೆ, ಇಷ್ಟು ದಿನದ ಕೆಲಸ ಬಿಟ್ಟುಹೋಗುವುದು ಯಾವ ನ್ಯಾಯ ಎಂದು ಕೇಳಿದಳು. ಮಾಲಿನಿ ಲ್ಯಾಬಿನ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿದ್ದಳು. ಕೊನೆಗೆ ನಿಂತು, “ನಾವು ಬತ್ತೀವಿ ಅಂತ ಹೇಳಿದೀವಿ ಕಣೇ. ಅವಳು ನಂಬ್ಕಂಡು ಕೂತಿರ್ತಾಳೆ,” ಎಂದಳು.

ಅನಿತಾ ಭಾಷಣದ ಹಾಳೆಗಾಗಿ ಕೈ ಚಾಚಿದಳು.

ಆ ಮಧ್ಯಾಹ್ನ ವಿಜಯ್ ಆ್ಯಪಿನ ಉತ್ತರವನ್ನು ಬದಲಿಸಿದ. ಅದನ್ನು ಬದಲಿಸಿದರೆ ಆ್ಯಪ್ ತೆರೆದ ಪ್ರತಿಯೊಬ್ಬರಿಗೂ ಹೊಸ ಮಾತೇ ಕಾಣುತ್ತಿತ್ತು. ಫೋನು ಅಪ್ಪನದಾಗಿದ್ದರೆ ಅಪ್ಪನ ಕಣ್ಣಿಗೂ ಬೀಳಬಹುದು. ಮಾಲಿನಿ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಯಾರು ಓದಿದರೂ ಅನುಮಾನ ಬರಬಾರದು, ಆ ಹುಡುಗಿಗೆ ಮಾತ್ರ ಅರ್ಥವಾಗಬೇಕು. ಕೊನೆಗೆ ಉಳಿದದ್ದು ಇಷ್ಟು: ಶುಕ್ರವಾರ ಅಜ್ಜಂಪುರದ ಶಾಲೆಗೆ ನಾವೇ ಬರುತ್ತೇವೆ, ತಪ್ಪದೆ ಬನ್ನಿ.

ಶುಕ್ರವಾರ ಮಾಲಿನಿ ಬೀರೂರಿನಲ್ಲಿ ಬಸ್ಸು ಬದಲಿಸಿ ಅಜ್ಜಂಪುರ ತಲುಪಿದಳು. ದಾರಿಯುದ್ದಕ್ಕೂ ಹೊಲಗಳಲ್ಲಿ ಹೆಂಗಸರು ಸಾಲಾಗಿ ಕೂತು ಈರುಳ್ಳಿಯ ಸೊಪ್ಪು ಕತ್ತರಿಸುತ್ತಿದ್ದರು. ರಸ್ತೆಯ ಪಕ್ಕದಲ್ಲಿ ಕೆಂಪು ಚೀಲಗಳು ಲಾರಿಗೆ ಕಾಯುತ್ತಿದ್ದವು. ಕೆಲವು ಹೊಲಗಳು ಆಗಲೇ ಬರಿದಾಗಿದ್ದವು.

ಹೇಮಾವತಿ ಟೀಚರಿಗೆ ಅವಳು ವಿಷಯವನ್ನೆಲ್ಲ ಹೇಳಿದಳು. ಅವರು ತಮ್ಮ ತರಗತಿಯ ಒಬ್ಬೊಬ್ಬಳನ್ನೂ ಮನಸ್ಸಿನಲ್ಲೇ ನೆನೆದು ನೋಡಿದರು. ಯಾರ ಮುಖದಲ್ಲೂ ಏನೂ ಕಂಡಿರಲಿಲ್ಲವಲ್ಲ ಎಂದು ಬೇಸರಪಟ್ಟರು. ಎಲ್ಲರ ಎದುರು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಆ್ಯಪ್ ಹೇಗಿದೆ ಎಂದು ಅಭಿಪ್ರಾಯ ಕೇಳುವ ನೆಪದಲ್ಲಿ ಪ್ರತಿಯೊಬ್ಬ ಹುಡುಗಿಯನ್ನೂ ಒಬ್ಬೊಬ್ಬಳಾಗಿ ಗ್ರಂಥಾಲಯದ ಕೋಣೆಗೆ ಕಳಿಸುವುದು ಎಂದು ಗೊತ್ತು ಮಾಡಿದರು. ಎಲ್ಲರೂ ಹೋಗಿ ಬರುವುದರಿಂದ ಯಾರು ಏನು ಹೇಳಿದರು ಎಂಬುದು ಯಾರಿಗೂ ತಿಳಿಯದು.

ಹುಡುಗಿಯರು ಬಂದರು. ಮೊದಲು ಬಂದವರು ನಕ್ಕರು, ಹೆಬ್ಬೆರಳು ಎತ್ತಿ ತೋರಿಸಿದರು. ಒಬ್ಬಳು ಆ್ಯಪಿನಲ್ಲಿ ಆಟ ಯಾಕಿಲ್ಲ ಎಂದು ಕೇಳಿದಳು. ಇನ್ನೊಬ್ಬಳು ಉಗುರು ಕಚ್ಚುತ್ತ, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ದಿನವೂ ಹಿಂದೆ ಬರುತ್ತಾನೆ, ಅದನ್ನು ಇದರಲ್ಲಿ ಹಾಕಬಹುದೇ ಎಂದಳು. ಮತ್ತೊಬ್ಬಳು ಅಪ್ಪ ಕುಡಿದು ಬಂದ ದಿನ ತಾನು ಪಕ್ಕದ ಮನೆಯಲ್ಲಿ ಮಲಗುವುದನ್ನು ಹೇಳಿದಳು. ಅವರ ಒಪ್ಪಿಗೆ ಕೇಳಿ ಮಾಲಿನಿ ಅದನ್ನು ಹೇಮಾವತಿ ಟೀಚರ ಕಿವಿಗೆ ಹಾಕಿದಳು. ಅವಳಿಗೆ ಮಾಡಲು ಸಾಧ್ಯವಿದ್ದದ್ದು ಅಷ್ಟೇ. ಬಾಗಿಲ ಹೊರಗೆ ಕಾಯುವ ಸಾಲು ಕರಗುತ್ತ ಬಂತು. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ತಾನು ಬೇರೆ ಶಾಲೆಗೆ ಹೋಗಬೇಕಿತ್ತೇನೋ, ಈರುಳ್ಳಿಯನ್ನು ನಂಬಿ ಕೆಟ್ಟೆನೇನೋ ಎಂದು ಮಾಲಿನಿ ಕುರ್ಚಿಯಿಂದ ಎದ್ದು ಕಿಟಕಿಗೆ ಹೋಗಿ, ಮತ್ತೆ ಬಂದು ಕೂತಳು.

ಕೊನೆಗೆ ಕವನ ಎಂಬ ಹುಡುಗಿ ಬಂದಳು. ಸಣಕಲು ಮೈ, ದೊಡ್ಡ ಕಣ್ಣು. ಕೂರಲಿಲ್ಲ. ಬಾಗಿಲನ್ನು ತಾನೇ ಮುಚ್ಚಿ ಅದಕ್ಕೆ ಒರಗಿ ನಿಂತಳು.

“ಅದು ಕಳ್ಸಿದ್ದು ನಾನೇ ಅಕ್ಕ,” ಎಂದಳು. “ಮದ್ವೆ ನಂದಲ್ಲ, ಸಿಂಚನಂದು. ಅವ್ಳ ಮನೇಲಿ ಫೋನು ಅವ್ರಪ್ಪನ ಜೇಬಲ್ಲೇ ಇರ್ತದೆ. ಅವ್ಳು ಹೇಳಿದ್ಲು, ನಾನು ನಮ್ಮಜ್ಜಿ ಫೋನಲ್ಲಿ ಒತ್ತಿದೆ.”

ಸಿಂಚನ ಎಲ್ಲಿ ಎಂದು ಮಾಲಿನಿ ಕೇಳಿದಳು. ಸೋಮವಾರದಿಂದ ಶಾಲೆಗೇ ಬಂದಿಲ್ಲವಂತೆ. ಈರುಳ್ಳಿ ಕೊಯ್ಯಲು ಕೈ ಸಾಲದು ಎಂದು ಮನೆಯಲ್ಲಿ ಉಳಿಸಿಕೊಂಡಿದ್ದಾರೆ. ಶಿವನಿ ರಸ್ತೆಯ ಹಳ್ಳಿ, ಕವನಳದೂ ಅದೇ ಊರು. ಹಬ್ಬದ ಮರುದಿನ ಗಂಡಿನ ಕಡೆಯವರು ಬರುತ್ತಾರೆ, ಆ ವಾರದಲ್ಲೇ ಮದುವೆ. ಆ್ಯಪಿನ ಹೊಸ ಉತ್ತರವನ್ನು ಕವನ ತಿಳಿಸಿದ್ದರಿಂದ, ಇವತ್ತು ಶಾಲೆಗೆ ಹೋಗಲೇಬೇಕು ಎಂದು ಸಿಂಚನ ಅತ್ತಿದ್ದಕ್ಕೆ ಅವಳ ಅಜ್ಜಿ ಬಾಗಿಲಿಗೆ ಅಡ್ಡ ಕೂತಿತಂತೆ. ಊರಿನ ಹೆಸರನ್ನು ಹೇಳಬೇಕಾದಾಗ ಮಾತ್ರ ಕವನ ತಡವರಿಸಿದಳು.

“ಯಾರು ಹೇಳಿದ್ದು ಅಂತ ಗೊತ್ತಾದ್ರೆ ಅವ್ಳಿಗೆ ಹೊಡೀತಾರೆ ಅಕ್ಕ.”

ಮಾಲಿನಿಗೂ ಅದೇ ಭಯ. ಹೆಸರಿಲ್ಲದೆ ಸಹಾಯ ಹೋಗದು, ಹೆಸರು ಬಂದರೆ ಏನಾಗುತ್ತದೆಂದು ಅವಳು ತನ್ನ ಬೆಂಚಿನಲ್ಲೇ ಕಂಡಿದ್ದಳು. ಅವಳು ಕವನಳ ಕೈ ಹಿಡಿದುಕೊಂಡಳು. ಆಮೇಲೆ ಇಬ್ಬರೂ ಹೇಮಾವತಿ ಟೀಚರ ಬಳಿ ಹೋದರು, ಅಲ್ಲಿಂದಲೇ ಸಹಾಯವಾಣಿಗೆ ಫೋನು ಮಾಡಿ ಸಿಂಚನಳ ಹೆಸರು, ಊರು ಹೇಳಿದರು.

ಮಧ್ಯಾಹ್ನದ ಊಟದ ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ವನಜಾಕ್ಷಿ ಎಂಬ ಮಕ್ಕಳ ರಕ್ಷಣಾ ಅಧಿಕಾರಿ ಜೀಪಿನಲ್ಲಿ ಬಂದರು. ಜೊತೆಗೆ ಒಬ್ಬ ಮಹಿಳಾ ಪೊಲೀಸ್. ವನಜಾಕ್ಷಿ ಗಟ್ಟಿ ದನಿಯವರು, ಆದರೆ ಗದ್ದಲ ಮಾಡುವವರಲ್ಲ. ಮಾಲಿನಿಯನ್ನು ಕರೆದುಕೊಂಡು ಹೋಗಲು ಮೊದಲು ಒಪ್ಪಲಿಲ್ಲ. ತಾನು ಬರುತ್ತೇನೆಂದು ಆ ಹುಡುಗಿಗೆ ಮಾತು ಕೊಟ್ಟಿದ್ದೇನೆ ಎಂದು ಮಾಲಿನಿ ಬೇಡಿಕೊಂಡಾಗ, ಬಾಯಿ ಬಿಡದೆ ಹಿಂದೆ ನಿಂತಿರಬೇಕು ಎಂಬ ಕರಾರಿನ ಮೇಲೆ ಜೀಪು ಹತ್ತಿಸಿಕೊಂಡರು. ಕವನಳನ್ನು ಶಾಲೆಯಲ್ಲೇ ಬಿಟ್ಟರು.

ಸಿಂಚನ ಹೊಲದಲ್ಲಿದ್ದಳು. ಕುಡುಗೋಲು ನೆಲಕ್ಕೆ ಒತ್ತಿಹಿಡಿದು ಈರುಳ್ಳಿಯ ಸೊಪ್ಪು ಕೊಯ್ಯುತ್ತಿದ್ದಳು. ಮೈಮೇಲೆ ಅಪ್ಪನ ಹಳೆಯ ಅಂಗಿ, ಮುಂಗೈವರೆಗೆ ಕಪ್ಪು ಮಣ್ಣು. ಅವಳ ಅಜ್ಜಿ ಅಂಜಿನಮ್ಮ ಬದುವಿನ ಮೇಲೆ ಕೂತಿದ್ದಳು. ಅಪ್ಪ ದೇವರಾಜ ಚೀಲ ಹೊಲಿಯುತ್ತಿದ್ದವನು ಜೀಪು ನೋಡಿ ಎದ್ದು ನಿಂತ.

ಅವನು ಕೂಗಾಡಲಿಲ್ಲ. ಬಂದವರಿಗೆ ನೀರು ತರಿಸಿದ. ಮದುವೆಯ ಮಾತನ್ನು ಮೊದಲು ಅಲ್ಲಗಳೆದ. ಆಮೇಲೆ ಹುಡುಗ ಒಳ್ಳೆಯವನು, ಮಿಲ್ಲಿನಲ್ಲಿ ಕೆಲಸವಿದೆ, ತಾಯಿಯಿಲ್ಲದ ಮಗಳನ್ನು ಎಷ್ಟು ದಿನ ಕಾಯಲಿ ಎಂದ. ಅಂಜಿನಮ್ಮ ಮಾತ್ರ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, ತನ್ನ ಕಣ್ಣು ಮುಚ್ಚುವುದರೊಳಗೆ ಇದೊಂದು ಆಗಲಿ ಎಂದರೆ ಅದೂ ತಪ್ಪೇ ಎಂದು ಎಲ್ಲರನ್ನೂ ಕೇಳಿದಳು. ವನಜಾಕ್ಷಿ ಎಲ್ಲವನ್ನೂ ಕೇಳಿಸಿಕೊಂಡರು. ಹದಿನೈದರ ಹುಡುಗಿಯ ಮದುವೆ ಮಾಡಿದರೆ ಕಾನೂನು ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಿದರು. ಗಂಡಿನ ಕಡೆಯವರೂ, ಚಪ್ಪರ ಹಾಕಿದವರೂ ಸಿಕ್ಕಿಬೀಳುತ್ತಾರೆ ಎಂದರು. ದೇವರಾಜನ ಮುಖ ಕಪ್ಪಿಟ್ಟಿತು.

“ನಿಮ್ಗೆ ಯಾರ್ ಹೇಳಿದ್ದು ಇದ್ನ?” ಎಂದ ಅವನು.

ಅದನ್ನು ಹೇಳುವುದಿಲ್ಲ ಎಂದರು ವನಜಾಕ್ಷಿ. ಆದರೆ ಅವನ ಕಣ್ಣು ಆಗಲೇ ಮಗಳ ಮೇಲಿತ್ತು. ಸಿಂಚನ ಕುಡುಗೋಲು ಬಿಟ್ಟಿರಲಿಲ್ಲ. ತಲೆಯೆತ್ತಿ ಅಪ್ಪನನ್ನು ನೋಡಿದಳು, ಆಮೇಲೆ ಮಾಲಿನಿಯನ್ನು. ಮಾಲಿನಿ ಸುಮ್ಮನಿರಬೇಕೆಂಬ ಕರಾರನ್ನು ಮರೆತು ಅವಳ ಹತ್ತಿರ ಹೋಗಿ, ನಾನೇ ಆ್ಯಪಿನವಳು ಎಂದು ಮೆಲ್ಲಗೆ ಹೇಳಿದಳು.

“ಹೆಸ್ರು ಯಾರ್ಗೂ ಗೊತ್ತಾಗಲ್ಲ ಅಂದಿದ್ರಿ,” ಎಂದಳು ಸಿಂಚನ. ಅಷ್ಟು ಹೇಳಿ ಮತ್ತೆ ಬಗ್ಗಿ ಒಂದು ಈರುಳ್ಳಿ ಎತ್ತಿಕೊಂಡಳು.

ಮಗಳಿಗೆ ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಎಂದು ದೇವರಾಜ ಮುಚ್ಚಳಿಕೆ ಬರೆದುಕೊಟ್ಟ. ಹುಡುಗಿಯ ಮೈಮೇಲೆ ಕೈ ಮಾಡಿದರೆ ತಾನೇ ಮತ್ತೆ ಬರುತ್ತೇನೆ ಎಂದು ವನಜಾಕ್ಷಿ ಎಚ್ಚರಿಸಿದರು. ಆ ಮಾತು ಸುಮ್ಮನೆ ಆಡಿದ್ದಲ್ಲ. ಹಬ್ಬದ ರಜೆಯಲ್ಲಿ ಎರಡು ಸಲ ಅವರ ಜೀಪು ಆ ಊರಿಗೆ ಹೋಗಿ ಬಂತು. ಆದರೂ ಆ ದಿನ ಹಿಂದಕ್ಕೆ ಬರುವಾಗ ಮಾಲಿನಿಗೆ ಸಮಾಧಾನವಾಗಲಿಲ್ಲ. ಜೀಪಿನ ಹಿಂದಿನ ಕಿಟಕಿಯಿಂದ ನೋಡಿದಳು. ಅಪ್ಪ ಒಂದು ಕಡೆ, ಮಗಳು ಒಂದು ಕಡೆ, ನಡುವೆ ಈರುಳ್ಳಿಯ ರಾಶಿ. ಇಬ್ಬರೂ ಮಾತಾಡದೆ ಕೆಲಸಕ್ಕೆ ಹಿಂದಿರುಗಿದ್ದರು.

ಸಂಜೆ ಬೀರೂರಿನ ಬಸ್‌ಸ್ಟ್ಯಾಂಡಿನಲ್ಲಿ ಅನಿತಾಳ ಫೋನು ಬಂತು. ನಾಲಗೆ ಒಣಗಿತಂತೆ, ಆದರೂ ಮುಗಿಸಿದಳಂತೆ. ಸಂದೇಶ ಬಂದ ಮೇಲೆ ಸಹಾಯಕ್ಕೆ ಯಾರು ಹೋಗುತ್ತಾರೆ ಎಂದು ತೀರ್ಪುಗಾರರಲ್ಲಿ ಒಬ್ಬರು ಕೇಳಿದರಂತೆ. ಅನಿತಾ ಏನೋ ಹೇಳಲು ಹೊರಟಾಗ ವಿಜಯ್ ಮೈಕು ತೆಗೆದುಕೊಂಡು, ಯಾರೂ ಇಲ್ಲ ಸಾರ್, ನಾವು ಅದನ್ನು ಯೋಚಿಸಿಯೇ ಇರಲಿಲ್ಲ, ಇವತ್ತು ನಮ್ಮಲ್ಲೊಬ್ಬಳು ಬಸ್ಸು ಹತ್ತಿ ಹೋಗಿದ್ದಾಳೆ ಎಂದನಂತೆ. ಬಹುಮಾನ ಕೆಮ್ಮಣ್ಣುಗುಂಡಿಯ ಕಸದವರಿಗೆ ಹೋಯಿತು. ಇದನ್ನು ಹೇಳುವಾಗ ಅನಿತಾ ನಕ್ಕಳೋ ಅತ್ತಳೋ ಬಸ್ಸುಗಳ ಹಾರ್ನಿನಲ್ಲಿ ಮಾಲಿನಿಗೆ ತಿಳಿಯಲಿಲ್ಲ.

ಅದೇ ವಾರ ವಿಜಯ್ ‘ಪಿಸುಮಾತು’ ಆ್ಯಪನ್ನು ನಿಲ್ಲಿಸಿದ. ಮೂರು ಶಾಲೆಗಳಿಗೂ ಮತ್ತೊಮ್ಮೆ ಹೋಗಿ, ಅದನ್ನು ಫೋನಿನಿಂದ ತೆಗೆಯಿರಿ, ಸಹಾಯವಾಣಿಯ ನಂಬರು ನೆನಪಿಟ್ಟುಕೊಳ್ಳಿ ಎಂದು ಮಕ್ಕಳಿಗೆ ಹೇಳಿ ಬರುವುದೆಂದು ಮೂವರೂ ತೀರ್ಮಾನಿಸಿದರು. ರಾಜಶೇಖರ್ ಮೇಷ್ಟರು ಮುಂದಿನ ವರ್ಷ ಮತ್ತೆ ಪ್ರಯತ್ನಿಸೋಣ, ಆಗ ಮೊದಲು ಜನ, ಆಮೇಲೆ ಕೋಡ್ ಎಂದರು.

ರಜೆ ಮುಗಿದ ಮೇಲೆ ಅವಳು ಅಜ್ಜಂಪುರಕ್ಕೆ ಒಬ್ಬಳೇ ಹೋದಳು. ಸಿಂಚನ ಶಾಲೆಗೆ ಬಂದಿದ್ದಳು. ಊಟದ ಹೊತ್ತಿನಲ್ಲಿ ಕವನ ಅವಳನ್ನು ಕೈ ಹಿಡಿದು ಎಳೆದುಕೊಂಡು ಬಂದು ಮಾಲಿನಿಯ ಪಕ್ಕ ಜಗಲಿಯ ಮೇಲೆ ಕೂರಿಸಿ ತಾನು ನೀರಿನ ನಲ್ಲಿಯ ಕಡೆ ಹೋದಳು. ಸಿಂಚನ ತಟ್ಟೆಯ ಅನ್ನವನ್ನು ಕಲೆಸುತ್ತ ಕೂತಿದ್ದಳು. ಕೈಯ ಗೆರೆಗಳಲ್ಲಿ ಮಣ್ಣಿನ ಕಪ್ಪು ಇನ್ನೂ ಹೋಗಿರಲಿಲ್ಲ. ಹೊಡೆದರೇ ಎಂದು ಮಾಲಿನಿ ಕೇಳಿದಳು. ಸಿಂಚನ ಇಲ್ಲ ಎಂದು ತಲೆಯಾಡಿಸಿದಳು. ಅಜ್ಜಿ ದಿನವೂ ಬೈಯುತ್ತದೆ, ಅಪ್ಪ ಮಾತು ಬಿಟ್ಟಿದ್ದಾನೆ ಎಂದಳು.

ಕ್ಷಮಿಸು ಎನ್ನಬೇಕೆಂದು ಮಾಲಿನಿ ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದಳು. ಪಕ್ಕದಲ್ಲಿ ಕೂತಾಗ ಆ ಮಾತು ತೀರಾ ಸಣ್ಣದಾಗಿ ಕಂಡಿತು. ಇಬ್ಬರೂ ಆಟದ ಬಯಲಿನಲ್ಲಿ ಓಡುವ ಮಕ್ಕಳನ್ನು ನೋಡುತ್ತಿದ್ದರು. ಆಮೇಲೆ ಸಿಂಚನ ತಾನಾಗಿಯೇ ಬಾಯಿ ಬಿಟ್ಟಳು.

“ದಿನಾ ಬೆಳಿಗ್ಗೆ ಅಪ್ಪನೇ ಗಾಡೀಲಿ ತಂದು ಬಿಡ್ತಾನೆ. ದಾರೀಲಿ ಒಂದ್ ಮಾತಾಡಲ್ಲ. ಗೇಟಲ್ಲಿ ಇಳ್ಸಿ, ನಾನು ಒಳಗೋಗೋ ಗಂಟ ನಿಂತಿರ್ತಾನೆ. ತಿರುಗಿ ನೋಡಿದ್ರೆ ಬೇರೆ ಕಡೆ ನೋಡ್ತಾನೆ.” ಅನ್ನದಲ್ಲಿ ಬೆರಳಾಡಿಸುತ್ತ ಅವಳು ಕೇಳಿದಳು, “ನಾನು ಓಡೋಯ್ತೀನಿ ಅಂತ ಕಾಯ್ತಾನಾ ಅಕ್ಕ, ಇಲ್ಲ ಸುಮ್ನೆ ನೋಡ್ತಾ ನಿಂತಿರ್ತಾನಾ?”

ತನಗೆ ಗೊತ್ತಿಲ್ಲ ಎಂದಳು ಮಾಲಿನಿ. ಸಿಂಚನ ಅದನ್ನು ಒಪ್ಪಿಕೊಂಡವಳಂತೆ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಗಂಟೆ ಹೊಡೆಯುವ ಮೊದಲೇ ತಟ್ಟೆ ತೊಳೆಯಬೇಕೆಂದು ಎದ್ದು ನಲ್ಲಿಯ ಕಡೆ ನಡೆದಳು.